ಶೂ ಹಿಮ್ಮಡಿಯಲ್ಲಿ ಏನೂ ಇರಲಿಲ್ಲ

ಪ್ರಿಯ ತಮ್ಮ,

ನಿನ್ನ ಕಾದಂಬರಿಯ ಕರಡಿನಲ್ಲಿ ಸೋವಿಯತ್ ಬೇಹುಗಾರ ಕ್ಲಾಸ್ ಫುಕ್ಸ್ ಪರಮಾಣು ಬಾಂಬಿನ ನಕ್ಷೆಯನ್ನು ಮೈಕ್ರೋಫಿಲ್ಮಿಗೆ ಇಳಿಸಿ, ಶೂ ಹಿಮ್ಮಡಿಯಲ್ಲಿ ಬಚ್ಚಿಟ್ಟು ಅಮೆರಿಕದ ಬಾಂಬ್ ಪ್ರಯೋಗಾಲಯ ಲಾಸ್ ಅಲಮೋಸ್‌ನ ಕಾವಲು ದಾಟಿಸುತ್ತಾನೆ. ಓದಿಸಿಕೊಂಡು ಹೋಗುತ್ತದೆ, ನಿಜ. ಆದರೆ ಅವನಿಗೆ ಅದರ ಅಗತ್ಯವೇ ಇರಲಿಲ್ಲ. ಬಾಂಬಿನ ಲೆಕ್ಕ ಹಾಕಿದ ವಿಜ್ಞಾನಿಗಳಲ್ಲಿ ಅವನೂ ಒಬ್ಬ. ತನ್ನ ಕೈಯಿಂದಲೇ ಬರೆದ ಹಾಳೆಗಳನ್ನು ತೆಗೆದುಕೊಂಡು, 1945ರ ಜೂನ್ 2ರಂದು, ಹಳೆಯ ಕಾರಿನಲ್ಲಿ ಹತ್ತಿರದ ಸಾಂತಾ ಫೇ ಊರಿಗೆ ಬಂದ, ಸುದ್ದಿ ಸಾಗಿಸುವ ಹ್ಯಾರಿ ಗೋಲ್ಡ್‌ಗೆ ಕೊಟ್ಟ, ಹೋದ. ಅದೇ ಕಾರನ್ನು ಅಲ್ಲಿನ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆಸ್ಪತ್ರೆಯಲ್ಲಿದ್ದ ಹೆಂಡತಿಯನ್ನು ನೋಡಲು ಎರವಲು ಪಡೆಯುತ್ತಿದ್ದರು. ಫುಕ್ಸ್ ಮೇಲೆ ಅಲ್ಲಿಯವರಿಗೆ ಅಷ್ಟು ಭರವಸೆ. ಕಥೆಗೆ ಹಿಮ್ಮಡಿಗಿಂತ ಈ ಕಾರು ಹೆಚ್ಚು ಕೆಲಸಕ್ಕೆ ಬರುತ್ತದೆ.

ನಿನ್ನ ಪುಸ್ತಕದಲ್ಲಿ ಉಪಕರಣಗಳು ಹೆಚ್ಚಾಗಿವೆ, ಕಸುಬಿನ ಕಟ್ಟುಪಾಡುಗಳು ಕಡಿಮೆ. ಕಟ್ಟುಪಾಡು ಏನೆಂದು ಓದುಗನಿಗೆ ಮೊದಲೇ ಗೊತ್ತಿದ್ದರೆ ತಾನೇ, ಅದು ಮುರಿದಾಗ ಅವನ ಎದೆ ಹೊಡೆದುಕೊಳ್ಳುವುದು? 1944ರ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ ಫುಕ್ಸ್ ಮತ್ತು ಹ್ಯಾರಿ ಗೋಲ್ಡ್ ಮೊದಲ ಸಲ ಸೇರಿದಾಗ ಒಬ್ಬರಿಗೊಬ್ಬರು ಅಪರಿಚಿತರು. ಫುಕ್ಸ್ ಕೈಯಲ್ಲಿ ಟೆನಿಸ್ ಚೆಂಡು ಇರಬೇಕು. ಗೋಲ್ಡ್ ಕೈಗವಸು ತೊಟ್ಟು, ಇನ್ನೊಂದು ಜೊತೆ ಕೈಗವಸನ್ನೂ ಹಸಿರು ರಟ್ಟಿನ ಪುಸ್ತಕವನ್ನೂ ಹಿಡಿದಿರಬೇಕು. ಚಳಿಗಾಲದಲ್ಲಿ ಕೈಗವಸು ಯಾರ ಕಣ್ಣಿಗೂ ಬೀಳದು. ಎರಡು ಜೊತೆಯೂ ಹಸಿರು ಪುಸ್ತಕವೂ ಒಬ್ಬನ ಬಳಿಯೇ ಆಕಸ್ಮಿಕವಾಗಿ ಸೇರುವುದೂ ಇಲ್ಲ. ಗುರುತು ಕಟ್ಟುವಾಗ ಇದೇ ಲೆಕ್ಕ: ಒಂದೊಂದೂ ಮಾಮೂಲಿ, ಒಟ್ಟಾದರೆ ಅಪರೂಪ. ನಿನ್ನ ಮೂರನೇ ಅಧ್ಯಾಯದ ಕೆಂಪು ಗುಲಾಬಿಯನ್ನು ಇಡೀ ಬೀದಿ ತಿರುಗಿ ನೋಡುತ್ತದೆ.

ಈ ಜನ ಸಿಕ್ಕಿಬಿದ್ದದ್ದು ಬಹುಪಾಲು ಶ್ರಮ ಉಳಿಸಲು ಹೋಗಿ. ಸುದ್ದಿ ಸಾಗಿಸುವವನೊಬ್ಬ ಒಂದು ಜಾಲದ ಮನುಷ್ಯನನ್ನು ಕಂಡರೆ ಇನ್ನೊಂದು ಜಾಲದವನನ್ನು ಕಾಣಕೂಡದು. ಆದರೆ ಸಾಂತಾ ಫೇಯಿಂದ ಗೋಲ್ಡ್ ಆಲ್ಬುಕರ್ಕಿಗೆ ಹೋಗಿ, ಲಾಸ್ ಅಲಮೋಸ್‌ನಲ್ಲಿದ್ದ ಇನ್ನೊಂದು ಜಾಲದ ಡೇವಿಡ್ ಗ್ರೀನ್‌ಗ್ಲಾಸನ್ನು ಮರುದಿನವೇ ಕಂಡ. ಹೋಗಬೇಕಿದ್ದ ಹೆಂಗಸಿಗೆ ಆಗಲಿಲ್ಲವಂತೆ. ತಾನು ಬೇಡವೆಂದರೂ ನ್ಯೂಯಾರ್ಕಿನ ಸೋವಿಯತ್ ಅಧಿಕಾರಿ ಒಪ್ಪಲಿಲ್ಲವೆಂದು ಗೋಲ್ಡ್ ಮುಂದೆ ನ್ಯಾಯಾಲಯದಲ್ಲಿ ಹೇಳಿದ. ಗುರುತಿಗೆ ಜೆಲ್ಲೊ ಎಂಬ ಸಿಹಿ ಪುಡಿಯ ರಟ್ಟಿನ ಡಬ್ಬದ ಎರಡು ತುಂಡು, ಕೊಟ್ಟ ಹಣ 500 ಡಾಲರ್. ಉಳಿಸಿದ್ದು ಒಂದು ರೈಲು ಪ್ರಯಾಣ. ತೆತ್ತದ್ದು ಎರಡು ಜಾಲ.

ಇನ್ನೊಂದು ಸಣ್ಣ ವಸ್ತು ನೋಡು. ದಾರಿ ಕೇಳಿದರೆ ಯಾರಾದರೂ ಮುಖ ನೆನಪಿಟ್ಟುಕೊಂಡಾರು ಎಂದು ಗೋಲ್ಡ್ ಸಾಂತಾ ಫೇಯ ಒಂದು ನಕಾಶೆ ಕೊಂಡಿದ್ದ. ಜಾಣತನವೇ. ಅದನ್ನು ಬಿಸಾಡಲಿಲ್ಲ. 1950ರ ಮೇ ತಿಂಗಳಲ್ಲಿ, ತಾನು ಮಿಸಿಸಿಪ್ಪಿಯ ಪಶ್ಚಿಮಕ್ಕೆ ಹೋದವನೇ ಅಲ್ಲ ಎಂದು ಸಾಧಿಸುತ್ತಿದ್ದವನ ಫಿಲಡೆಲ್ಫಿಯಾ ಮನೆಯಲ್ಲಿ ಎಫ್‌ಬಿಐಗೆ ಆ ನಕಾಶೆ ಸಿಕ್ಕಿತು. ಅಲ್ಲಿಂದ ಗ್ರೀನ್‌ಗ್ಲಾಸ್, ಅವನಿಂದ ಆ ಜಾಲದ ಮುಖ್ಯಸ್ಥ ಜೂಲಿಯಸ್ ರೋಸೆನ್‌ಬರ್ಗ್. 1953ರ ಜೂನ್ 19ರಂದು ಜೂಲಿಯಸ್ ಮತ್ತು ಎಥೆಲ್ ದಂಪತಿಗೆ ಮರಣದಂಡನೆ.

ಸಂಕೇತಲಿಪಿಯ ಅಧ್ಯಾಯದಲ್ಲಿ ನೀನು ಪ್ರತಿಭಾವಂತನೊಬ್ಬನನ್ನು ಕೂರಿಸಿ ರಾತ್ರೋರಾತ್ರಿ ಬೀಗ ಒಡೆಸಿದ್ದೀಯ. ಅಲ್ಲಿ ಗಣಿತವನ್ನೇ ತೋರಿಸು; ಕಷ್ಟವಿಲ್ಲ. ಸೋವಿಯತ್ ಗುಮಾಸ್ತ ಪದಗಳನ್ನು ಸಂಕೇತಕೋಶ ನೋಡಿ ಅಂಕಿಗಳಾಗಿಸಿ, ಐದೈದರ ಗುಂಪು ಮಾಡುತ್ತಿದ್ದ. ಗುಂಪು 43719 ಎಂದುಕೋ. ಒಮ್ಮೆ ಬಳಸಿ ಸುಡಬೇಕಾದ ಹಾಳೆಯಿಂದ 88256 ತೆಗೆದು, ದಶಕ ಮುಂದಕ್ಕೆ ಒಯ್ಯದೆ ಕೂಡಿದರೆ 21965. ಇದನ್ನು ಒಡೆಯಲು ಯಾರಿಂದಲೂ ಆಗದು. ಆದರೆ ಅದೇ ಹಾಳೆಯ ಅದೇ ಅಂಕಿಯನ್ನು ಇನ್ನೊಂದು ಸಂದೇಶದ 62840ಕ್ಕೂ ಕೂಡಿದರೆ 40096 ಬರುತ್ತದೆ. ಈಗ ಮೊದಲನೆಯದರಿಂದ ಎರಡನೆಯದನ್ನು ಹಾಗೆಯೇ, ದಶಕ ಕಡ ಪಡೆಯದೆ, ಕಳೆ: 81979. ಮೂಲ ಗುಂಪುಗಳನ್ನು ಕಳೆದರೂ 81979. ಹಾಳೆ ಮಾಯವಾಯಿತು. 1942ರಲ್ಲಿ, ಯುದ್ಧದ ಒತ್ತಡದಲ್ಲಿ, ಮಾಸ್ಕೋದಲ್ಲಿ ಇಂಥ ಸುಮಾರು 35,000 ಹಾಳೆಗಳನ್ನು ಎರಡೆರಡು ಪ್ರತಿ ಮಾಡಿಬಿಟ್ಟರು. ಇದೂ ಶ್ರಮ ಉಳಿಸಿದ್ದೇ.

ಅಷ್ಟಾದರೂ ಸಂಕೇತಕೋಶವನ್ನು ಪದ ಪದವಾಗಿ ಊಹಿಸಿ ಕಟ್ಟಬೇಕು. ಅಮೆರಿಕ ಸೇನೆಯ ಸಂಕೇತಲಿಪಿ ಒಡೆಯುವ ಕೇಂದ್ರವಾಗಿದ್ದ ವರ್ಜೀನಿಯಾದ ಆರ್ಲಿಂಗ್ಟನ್ ಹಾಲ್‌ನಲ್ಲಿ ಕೆಲಸ ಶುರುವಾದದ್ದು 1943ರ ಫೆಬ್ರುವರಿಯಲ್ಲಿ. ಒಂದು ಸಂದೇಶದಲ್ಲಿ ಬಾಂಬ್ ಯೋಜನೆಯ ವಿಜ್ಞಾನಿಗಳ ಹೆಸರಿನ ಪಟ್ಟಿ ಅಲ್ಲಿನ ಮೆರೆಡಿತ್ ಗಾರ್ಡ್ನರ್ ಕಣ್ಣಿಗೆ ಬಿದ್ದದ್ದು 1946ರ ಡಿಸೆಂಬರಿನಲ್ಲಿ. ನಿನ್ನ ಒಂದು ರಾತ್ರಿಯನ್ನು ವರ್ಷಗಳಿಗೆ ಹಿಗ್ಗಿಸು.

ವೆನೊನಾ ಎಂದು ಹೆಸರಾದ ಈ ಕೆಲಸವನ್ನು ನ್ಯಾಯಾಲಯದ ಮುಂದೆ ಇಡುವಂತಿರಲಿಲ್ಲ. ಮಾಸ್ಕೋಗೆ ತಿಳಿದುಬಿಟ್ಟೀತೆಂಬ ಭಯ. ತಮಾಷೆಯೆಂದರೆ, ಆರ್ಲಿಂಗ್ಟನ್ ಹಾಲ್‌ನ ಒಳಗಿನವನೇ ಆದ ವಿಲಿಯಂ ವೈಸ್‌ಬ್ಯಾಂಡ್, ಆಮೇಲೆ ಬ್ರಿಟಿಷ್ ಗುಪ್ತಚರ ಅಧಿಕಾರಿ ಕಿಮ್ ಫಿಲ್ಬಿ, ಇಬ್ಬರ ಮೂಲಕವೂ ಮಾಸ್ಕೋಗೆ ಸುದ್ದಿ ಹೋಗಿತ್ತು. ಗೊತ್ತಿರಲಿಲ್ಲವೆಂದರೆ ಅಮೆರಿಕದ ಜನರಿಗೆ. ಅವರಿಗೆ ಹೇಳಿದ್ದು 1995ರಲ್ಲಿ. ನಿನ್ನ ಕಾದಂಬರಿಯ ನಡುಗಂಬ ಇಲ್ಲಿದೆ ಎಂದು ನನ್ನ ಎಣಿಕೆ. ಫುಕ್ಸ್‌ನತ್ತ ಬೆರಳು ಮಾಡಿದ ಈ ಸಾಕ್ಷ್ಯವನ್ನು ಬಹಿರಂಗಪಡಿಸುವಂತಿಲ್ಲವಾದ್ದರಿಂದ ಬ್ರಿಟಿಷ್ ಗುಪ್ತಚರ ಸಂಸ್ಥೆಯ ವಿಲಿಯಂ ಸ್ಕಾರ್ಡನ್ ಫುಕ್ಸ್ ಬಾಯಿಂದಲೇ ತಪ್ಪೊಪ್ಪಿಗೆ ಹೊರಡಿಸಬೇಕಾಯಿತು. 1950ರ ಜನವರಿಯಲ್ಲಿ ಅವನು ಒಪ್ಪಿಕೊಂಡ, 14 ವರ್ಷ ಶಿಕ್ಷೆಯಾಯಿತು. ಲಾಸ್ ಅಲಮೋಸ್‌ನಿಂದಲೇ ಗುಟ್ಟು ಕೊಟ್ಟ ಥಿಯೊಡೋರ್ ಹಾಲ್‌ನ ಹೆಸರೂ ಆ ಸಂದೇಶಗಳಲ್ಲಿತ್ತು. ಅವನು ಬಾಯಿ ಬಿಡಲಿಲ್ಲ, ಮೊಕದ್ದಮೆಯೇ ನಡೆಯಲಿಲ್ಲ. ವಿಚಾರಣೆಯ ದೃಶ್ಯದಲ್ಲಿ ದೀಪ, ಬೆದರಿಕೆ ಎಲ್ಲ ತೆಗೆದುಹಾಕು. ಸುಮ್ಮನಿದ್ದರೆ ಉಳಿಯುತ್ತಾನೆ ಎಂಬುದು ಓದುಗನಿಗೆ ತಿಳಿದಿರಲಿ, ಫುಕ್ಸ್‌ಗೆ ತಿಳಿಯದಿರಲಿ.

ಬೇಹುಗಾರರೇ ಸೋವಿಯತ್ ಬಾಂಬ್ ಮಾಡಿಕೊಟ್ಟರು ಎಂದು ಬರೆಯಬೇಡ. 1949ರ ಆಗಸ್ಟ್ 29ರಂದು ಸೆಮಿಪಲಾಟಿನ್‌ಸ್ಕ್‌ನಲ್ಲಿ ಸಿಡಿದದ್ದು ನಾಗಾಸಾಕಿ ಬಾಂಬಿನ ಮಾದರಿಯದೇ, ಹೌದು. ನಕ್ಷೆ ಕೈಸೇರಬಹುದು, ಆದರೆ ಆರು ಕಿಲೋ ಪ್ಲುಟೋನಿಯಂ ಕಾಗದದಲ್ಲಿ ಬರುವುದಿಲ್ಲ. ಅದಕ್ಕೆ ಯುರೇನಿಯಂ ಅಗೆಯಬೇಕು, ರಿಯಾಕ್ಟರ್ ಕಟ್ಟಬೇಕು. ಸೋವಿಯತ್ ಬಾಂಬ್ ಯೋಜನೆಯ ವಿಜ್ಞಾನಿ ಕುರ್ಚಾಟೊವ್ ಅವರ ಮೊದಲ ಪ್ರಾಯೋಗಿಕ ರಿಯಾಕ್ಟರ್ ಉರಿದದ್ದು 1946ರ ಡಿಸೆಂಬರ್ 25ರಂದು. ಪ್ಲುಟೋನಿಯಂ ತಯಾರಿಸುವ ರಿಯಾಕ್ಟರ್ ಬಂದದ್ದು 1948ರಲ್ಲಿ. ಗಣಿಯವರಿಗೂ ಒಂದು ಅಧ್ಯಾಯ ಕೊಡು.

ಸಣ್ಣಪುಟ್ಟ ತಿದ್ದುಪಡಿ: 1945ರಲ್ಲಿ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಇರಲಿಲ್ಲ, ಅದು ಹುಟ್ಟಿದ್ದು 1954ರಲ್ಲಿ. ಅಮೆರಿಕದ ಸಿಐಎ ಬಂದದ್ದು 1947ರಲ್ಲಿ. ಫುಕ್ಸ್ ಇಂಗ್ಲೆಂಡಿನಲ್ಲಿ ಮೊದಲು ಸುದ್ದಿ ಕೊಟ್ಟದ್ದು ಸೋವಿಯತ್ ಸೇನೆಯ ಗುಪ್ತಚರ ವಿಭಾಗವಾದ ಜಿಆರ್‌ಯುಗೆ. ನಿನ್ನ ಪಾತ್ರಗಳು 1945ರ ಜೂನಿನಲ್ಲಿ ರಷ್ಯಾವನ್ನು ಶತ್ರುದೇಶ ಎನ್ನುತ್ತವೆ. ಆಗ ಅದು ಮಿತ್ರರಾಷ್ಟ್ರ. ಫುಕ್ಸ್‌ಗೆ 14 ವರ್ಷಕ್ಕಿಂತ ಹೆಚ್ಚು ಕೊಡಲಾಗದೆ ಹೋದದ್ದೂ ಅದಕ್ಕೇ. ಒಂದು ಹಾಳೆಯಲ್ಲಿ ತಾರೀಖುಗಳನ್ನು ಬರೆದು, ಪ್ರತಿ ಪಾತ್ರಕ್ಕೂ ಆ ದಿನ ಏನು ಗೊತ್ತಿತ್ತು ಎಂದು ಎದುರಿಗೆ ಗುರುತು ಹಾಕಿಕೊಂಡು ತಿದ್ದು.

ಗೋಲ್ಡ್‌ನ ಅಧ್ಯಾಯವನ್ನು ಮೊದಲು ಕಳಿಸು.

ಇಂತು,
ನಿನ್ನ ಅಣ್ಣ