ಸೋರಿಕೆಯಿಲ್ಲದ ನ್ಯಾನೊ ಸ್ವಿಚ್‌ಗೂ ಒತ್ತು ಸಿಗಲಿ

ಮಾನ್ಯರೇ,

ಚಿಪ್ ತಯಾರಿಕೆಯ ಚರ್ಚೆಯೆಲ್ಲ ಅದರೊಳಗೆ ಸ್ವಿಚ್‌ಗಳಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್‌ಗಳ ಸುತ್ತಲೇ ನಡೆಯುತ್ತಿದ್ದು, ನ್ಯಾನೊ ಎಲೆಕ್ಟ್ರೋಮೆಕ್ಯಾನಿಕಲ್ ರಿಲೇಗಳತ್ತ, ಅಂದರೆ ಚಲಿಸುವ ಭಾಗವುಳ್ಳ ಅತಿಸೂಕ್ಷ್ಮ ಸ್ವಿಚ್‌ಗಳತ್ತ, ಗಮನ ಹರಿದಂತಿಲ್ಲ. ಸಾಂಪ್ರದಾಯಿಕ ಟ್ರಾನ್ಸಿಸ್ಟರ್‌ನಲ್ಲಿ ಪ್ರವಾಹವನ್ನು ಹತ್ತು ಪಟ್ಟು ತಗ್ಗಿಸಲು ಕೋಣೆಯ ಉಷ್ಣತೆಯಲ್ಲಿ ಅದನ್ನು ನಿಯಂತ್ರಿಸುವ ವೋಲ್ಟೇಜನ್ನು ಕನಿಷ್ಠ 60 ಮಿಲಿವೋಲ್ಟ್‌ನಷ್ಟು ಬದಲಿಸಬೇಕೆಂಬ ಭೌತಿಕ ಮಿತಿಯಿದ್ದು, ಪ್ರವಾಹವನ್ನು ಒಮ್ಮೆಗೇ ಪೂರ್ತಿ ನಿಲ್ಲಿಸಲಾಗದ್ದರಿಂದ, ಅದು ‘ಆಫ್’ ಆಗಿದ್ದಾಗಲೂ ವಿದ್ಯುತ್ ಸೋರುತ್ತಲೇ ಇರುತ್ತದೆ. ರಿಲೇಯಲ್ಲಾದರೋ, ಸ್ಥಾಯಿ ವಿದ್ಯುತ್ತಿನ ಸೆಳೆತಕ್ಕೆ ಬಾಗುವ ಅತಿಸೂಕ್ಷ್ಮ ತೊಲೆಯೊಂದು ಎದುರಿನ ಸಂಪರ್ಕವನ್ನು ಮುಟ್ಟಿದಾಗ ಮಾತ್ರ ಪ್ರವಾಹ ಹರಿದು, ಬಿಟ್ಟೊಡನೆ ನಡುವಿನ ತೆರಪು ಅದನ್ನು ಬಹುತೇಕ ಪೂರ್ತಿಯಾಗಿ ಕಡಿದುಹಾಕುತ್ತದೆ. 2010ರಲ್ಲಿ ಅಮೆರಿಕದ ಸಂಶೋಧಕರು ಸಿಲಿಕಾನ್ ಕಾರ್ಬೈಡ್‌ನಿಂದ ಮಾಡಿದ ಇಂತಹ ಸ್ವಿಚ್‌ಗಳನ್ನು 500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲೂ ನಡೆಸಿ ತೋರಿಸಿದ್ದಾರೆ. ವೇಗ ಕಡಿಮೆಯೆಂಬುದೂ, ಮುಟ್ಟಿದ ತೊಲೆ ಅಲ್ಲೇ ಅಂಟಿಕೊಳ್ಳುವ ತೊಡಕಿದೆಯೆಂಬುದೂ ನಿಜ; ಸಂಶೋಧನೆ ಬೇಕಾಗಿರುವುದೇ ಅದಕ್ಕಾಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನ್ಯಾನೊ ತಯಾರಿಕಾ ಸೌಲಭ್ಯವಿರುವಾಗ, ಸರ್ಕಾರ ಈ ಕ್ಷೇತ್ರಕ್ಕೆ ಪ್ರತ್ಯೇಕ ಅನುದಾನ ಒದಗಿಸಬೇಕೆಂದು ಕೋರುತ್ತೇನೆ.

– ಭೌತಶಾಸ್ತ್ರ ಉಪನ್ಯಾಸಕ, ಶಿವಮೊಗ್ಗ