'ಬಿಹೆಸ್ಟ್' ಎಂದರೆ ಬರೀ ಆದೇಶವಲ್ಲ

ಮಾನ್ಯ ಸಂಪಾದಕರೇ,

ಇಂಗ್ಲಿಷ್ ಸುದ್ದಿಯಲ್ಲಿ 'ಅಟ್ ದ ಬಿಹೆಸ್ಟ್ ಆಫ್' ಎಂದು ಬಂದಲ್ಲೆಲ್ಲ 'ಆದೇಶದ ಮೇರೆಗೆ' ಎಂದು ಕನ್ನಡಕ್ಕೆ ತರುವ ರೂಢಿ ಬೆಳೆದಿದೆ. ನಿಘಂಟಿನಲ್ಲಿ ಆ ಅರ್ಥ ಇದೆ, ನಿಜ. ಆದರೆ ಆದೇಶ ಹೊರಡಿಸುವುದಕ್ಕೆ ಅಧಿಕಾರ ಬೇಕು, ಹೊರಡಿಸಿದವರು ಅದಕ್ಕೆ ಹೊಣೆಗಾರರು. ಇಂದಿನ ಬಿಹೆಸ್ಟ್‌ಗೆ ಅದಾವುದೂ ಬೇಕಿಲ್ಲ. ಪ್ರಭಾವಿಯೊಬ್ಬರ ಸೂಚನೆ, ಆಪ್ತರ ಒತ್ತಾಯ, ಯಾರದೋ ಕುಮ್ಮಕ್ಕು, ಎಲ್ಲಕ್ಕೂ ಅದು ಸಲ್ಲುತ್ತದೆ. ಎಲ್ಲವನ್ನೂ ಆದೇಶ ಎಂದುಬಿಟ್ಟರೆ, ಇಲ್ಲದ ಆದೇಶವೊಂದನ್ನು ಒಬ್ಬರ ತಲೆಗೆ ಕಟ್ಟಿದಂತಾಗುತ್ತದೆ.

'ಬಿಹೆಸ್ಟ್'ನ ಒಳಗಿರುವುದು 'ಹೆಸ್ಟ್' ಎಂಬ ಪದ. ಹಳೆಯ ಇಂಗ್ಲಿಷಿನಲ್ಲಿ ಅಪ್ಪಣೆಗೆ ಇದ್ದ ಅದರ ಮೂಲಪದ 'ಹ್ಯಾಸ್'. ಅದು 'ಹಾಟನ್' ಎಂಬ ಕ್ರಿಯಾಪದದ ನಂಟು. ಅಪ್ಪಣೆ ಮಾಡು, ಕರೆ, ಹೆಸರಿಡು ಎಂಬ ಅರ್ಥಗಳೆಲ್ಲ ಆ ಒಂದೇ ಕ್ರಿಯಾಪದಕ್ಕಿದ್ದವು. ಜರ್ಮನರು ಇಂದಿಗೂ ತಮ್ಮ ಹೆಸರು ಹೇಳುವಾಗ ಬಳಸುವ 'ಹೈಸನ್' ಇದರ ಸೋದರ ಪದ. ಮುಂದೆ 'ಹ್ಯಾಸ್' ಹೋಗಿ 'ಹೆಸ್ಟ್' ಆಯಿತು. ಕೊನೆಯ ಟಕಾರ ಮೂಲದ್ದಲ್ಲ. 'ಅಮಂಗ್ಸ್ಟ್', 'ವೈಲ್ಸ್ಟ್' ಪದಗಳಿಗೆ ಸೇರಿಕೊಂಡಂತೆ ಇದಕ್ಕೂ ಸೇರಿಕೊಂಡಿತು.

'ಬಿಹೆಸ್ಟ್' ಹುಟ್ಟಿದ್ದು ಮಾತ್ರ ಅಪ್ಪಣೆಯಾಗಿ ಅಲ್ಲ, ವಾಗ್ದಾನವಾಗಿ. 14ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಕವಿ ಚಾಸರ್ ಬರೆದ 'ಕ್ಯಾಂಟರ್ಬರಿ ಟೇಲ್ಸ್' ಎಂಬ ಕಥಾಗುಚ್ಛ ಒಂದರಲ್ಲೇ 'ಹೆಸ್ಟ್', 'ಬಿಹೆಸ್ಟ್' ಎರಡೂ ಸಿಗುತ್ತವೆ. ಪಾರ್ಡನರ್, ಎಂದರೆ ಚರ್ಚಿನ ಕ್ಷಮಾಪತ್ರ ಮಾರುವವನು, ಹೇಳುವ ಕಥೆಯಲ್ಲಿ ದೇವರ ಹತ್ತು ಕಟ್ಟಳೆಗಳಿಗೆ 'ಹೆಸ್ಟ್' ಎಂಬ ಪದ. ವಕೀಲನ ಕಥೆಯ ಪೀಠಿಕೆಯಲ್ಲಿ 'ಬಿಹೆಸ್ಟ್ ಇಸ್ ಡೆಟ್', ಎಂದರೆ ಕೊಟ್ಟ ಮಾತು ಸಾಲವಿದ್ದಂತೆ. ಅದೇ ಶತಮಾನದ ಇಂಗ್ಲಿಷ್ ಅನುವಾದವಾದ ವಿಕ್ಲಿಫ್ ಬೈಬಲ್ಲಿನ 'ಬಿಹೆಸ್ಟ್' ನಾಡು ದೇವರು ವಾಗ್ದಾನ ಮಾಡಿದ ನಾಡು. ಅಲ್ಲಿ 'ಆಜ್ಞೆಯ ನಾಡು' ಎಂದು ಓದಿಕೊಂಡವರಿಗೆ ಇಡೀ ವಾಕ್ಯವೇ ಕೈತಪ್ಪುತ್ತದೆ. ಹಾಗಾಗಿ ಹಳೆಯ ಪಠ್ಯದಲ್ಲಿ ಈ ಪದ ಸಿಕ್ಕಾಗ ಮಾತಿನ ಭಾರ ಯಾರ ಮೇಲಿದೆ ಎಂದು ಮೊದಲು ನೋಡಬೇಕು. ಆಡಿದವರೇ ನಡೆಸಿಕೊಡಬೇಕಾದರೆ ವಾಗ್ದಾನ, ಕೇಳಿದವರು ನಡೆಸಬೇಕಾದರೆ ಅಪ್ಪಣೆ.

'ಬಿಹೆಸ್ಟ್'ಗೆ ಅಪ್ಪಣೆಯ ಅರ್ಥವೂ ಸೇರಿ, ಎರಡು ಅರ್ಥಗಳೂ ಬಹುಕಾಲ ಜೊತೆಗೇ ಇದ್ದು, ಕೊನೆಗೆ ವಾಗ್ದಾನದ ಅರ್ಥ ಬಿದ್ದುಹೋಯಿತು. ಅತ್ತ ಫ್ರೆಂಚಿನಿಂದ ಬಂದ 'ಕಮಾಂಡ್' ಬೇರೂರಿದ ಮೇಲೆ ಬರಿಯ 'ಹೆಸ್ಟ್' ಕಾವ್ಯಕ್ಕೆ ಸರಿಯಿತು. ಶೇಕ್ಸ್‌ಪಿಯರನ 'ದ ಟೆಂಪೆಸ್ಟ್' ನಾಟಕದಲ್ಲಿ ಮಿರಾಂಡ ತನ್ನ ಹೆಸರು ಹೇಳಿದ ಮರುಗಳಿಗೆಯೇ ಅಪ್ಪನ 'ಹೆಸ್ಟ್' ಮುರಿದೆನೆಂದು ಹಲುಬುತ್ತಾಳೆ. ಅದು ನಿಜಕ್ಕೂ ಅಪ್ಪಣೆಯೇ.

ಸುದ್ದಿ ಅನುವಾದಿಸುವವರು ಲಿಖಿತ ಆದೇಶ ಇದ್ದರೆ ಮಾತ್ರ 'ಆದೇಶ' ಎನ್ನಲಿ. ಉಳಿದೆಡೆ ಸಂದರ್ಭ ನೋಡಿಕೊಂಡು 'ಸೂಚನೆಯಂತೆ', 'ಒತ್ತಾಯದ ಮೇರೆಗೆ', 'ಹೇಳಿದ್ದರಿಂದ' ಎಂದು ಬರೆಯಬಹುದು. 'ಕುಮ್ಮಕ್ಕಿನಿಂದ' ಎನ್ನುವುದಕ್ಕೆ ಮಾತ್ರ ಮೂಲ ಸುದ್ದಿಯಲ್ಲೇ ಆಧಾರ ಇರಬೇಕು, ಅದು ಆರೋಪದ ಮಾತು.

ಇತಿ,
ಇಂಗ್ಲಿಷ್ ಭಾಷಾಚರಿತ್ರೆಯ ಅಧ್ಯಾಪಕರು