ಹಾಳೆಟೊಪ್ಪಿಯಲ್ಲಿ ಮೊಗೆದ ನೀರು

ಸಂಪಾದಕರಿಗೆ ನಮಸ್ಕಾರ.

ಶರಾವತಿ ಹಿನ್ನೀರಿಗೆ ಕಟ್ಟಿದ ಸಿಗಂದೂರು ಸೇತುವೆ ಬಗ್ಗೆ ಓದುಗರು ಬರೆಯುವ ಪತ್ರಗಳನ್ನು ಬಿಡದೆ ಓದುತ್ತಿದ್ದೇನೆ. ಸೇತುವೆ ಬಂದದ್ದು ಒಳ್ಳೆಯದಾಯಿತು ಅಂತ ಕೆಲವರು, ಜನ, ಬಸ್ಸು ಎಲ್ಲ ಹೊತ್ತು ದಾಟಿಸುವ ಲಾಂಚ್ ಇದ್ದಾಗಲೇ ಚೆಂದ ಇತ್ತು ಅಂತ ಕೆಲವರು. ಚೆಂದ ಇತ್ತು ಅನ್ನುವವರು ಹೆಚ್ಚಾಗಿ ವರ್ಷಕ್ಕೊಮ್ಮೆ ದೇವಸ್ಥಾನಕ್ಕೆ ಬಂದು, ಲಾಂಚ್ ಮೇಲೆ ಫೋಟೋ ತೆಗೆಸಿಕೊಂಡು ಹೋದವರು ಅಂತ ನನ್ನ ಗುಮಾನಿ. ನಾನು ಆಚೆ ದಡದವಳು. ಕರೂರು ಹೋಬಳಿಯಲ್ಲಿ ಹುಟ್ಟಿದವಳು. ನನ್ನ ಚಿಕ್ಕಮ್ಮನಿಗೆ ಹೆರಿಗೆ ನೋವು ಬಂದದ್ದು ರಾತ್ರಿ. ಲಾಂಚ್ ಸಂಜೆಗೇ ನಿಂತಿತ್ತು. ಅವಳನ್ನು ಚಾಪೆ ಸಮೇತ ದೋಣಿಯಲ್ಲಿ ಮಲಗಿಸಿ, ಲಾಟೀನು ಹಿಡಿದು ದಾಟಿಸಿದರು. ಈಚೆ ದಡದಲ್ಲಿ ಜೀಪು ಹುಡುಕಿ, ಆಸ್ಪತ್ರೆ ಮುಟ್ಟುವ ಮೊದಲೇ ಜೀಪಿನಲ್ಲಿ ಹೆರಿಗೆಯಾಯಿತು. ಆ ಹುಡುಗ ಈಗ ಪಿಕಪ್ ಗಾಡಿಯಲ್ಲಿ ಅಡಿಕೆ ಹೇರಿಕೊಂಡು ಅದೇ ಸೇತುವೆ ಮೇಲೆ ಓಡಾಡುತ್ತಾನೆ. ಹಾಗಾಗಿ ಸೇತುವೆಗೆ ಕೈ ಮುಗಿದೇ ಮುಂದಿನ ಮಾತು ಬರೆಯುತ್ತೇನೆ.

ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈ 14ಕ್ಕೆ. ಅದಾಗಿ ಸ್ವಲ್ಪ ದಿನಕ್ಕೆ ತವರಿಗೆ ಹೊರಟೆ. ಜೊತೆಗೆ ಮಗಳು, ಎಂಟು ವರ್ಷದ ಮೊಮ್ಮಗ. ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದದ ಸೇತುವೆ. ಎರಡೂ ಕಡೆ ನೀರು, ನೀರಿನ ನಡುವೆ ಗುಡ್ಡದ ನೆತ್ತಿಗಳು. "ನೋಡೋ, ನೋಡೋ" ಅಂದೆ. ಅವನು ಮೊಬೈಲಿಂದ ತಲೆ ಎತ್ತುವಷ್ಟರಲ್ಲಿ ಆಚೆ ದಡದ ಕಳಸವಳ್ಳಿ ಬಂದಾಗಿತ್ತು. "ಹೊಳೆ ಎಲ್ಲಿ ಅಜ್ಜಿ?" ಅಂದ. ಹಿಂದೆ ಹೋಯ್ತು ಮಗಾ ಅಂದೆ. ನಗು ಬಂತು. ಆಮೇಲೆ ಸ್ವಲ್ಪ ಹೊತ್ತು ಮಾತು ಬರಲಿಲ್ಲ.

ಈ ಹಿನ್ನೀರು ನಿಲ್ಲಿಸಿದ ಲಿಂಗನಮಕ್ಕಿ ಅಣೆಕಟ್ಟು ಆದದ್ದು 1964ರಲ್ಲಿ. ನಾನು ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ. ಅಪ್ಪಯ್ಯನ ಒಳ್ಳೆಯ ಗದ್ದೆ ನೀರಲ್ಲಿ ಹೋಗಿತ್ತು. ಉಳಿದದ್ದು ಗುಡ್ಡದ ಮೇಲಿನ ಮನೆ, ಚೂರು ತೋಟ, ಮತ್ತೆ ಅಂಗಳದಿಂದ ಇಳಿದರೆ ಹಿನ್ನೀರು. ಅಣೆಕಟ್ಟಿನ ತುಂಬು ಮಟ್ಟ 1819 ಅಡಿ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದು ನಮಗೆ ಲೆಕ್ಕಕ್ಕೇ ಇರಲಿಲ್ಲ. ನೀರು ಕೆಳಗಿನ ಹಲಸಿನ ಮರದ ಬುಡ ಮುಟ್ಟಿತು ಅಂದರೆ ತುಂಬಿತು ಅಂತ ಅರ್ಥ. ಮುಳುಗಡೆಯಾದವರು ನೀರನ್ನು ಬೈಯಬೇಕು. ದೊಡ್ಡವರು ಬೈಯುತ್ತಲೂ ಇದ್ದರು. ನಾವು ಮಕ್ಕಳಿಗೆ ಮಾತ್ರ ಆ ನೀರು ಬಿಟ್ಟು ಬೇರೆ ಅಂಗಳವೇ ಇರಲಿಲ್ಲ.

ನಮ್ಮ ದೋಣಿ ಒಂದೇ ಮರ ಕೊರೆದು ಮಾಡಿದ್ದು. ಅಪ್ಪಯ್ಯ ಯಾರದೋ ಹತ್ತಿರ ಹಳೇದನ್ನು ಕೊಂಡು ತಂದಿದ್ದ. ಹೆಬ್ಬಲಸಿನ ಮರದ್ದು ಅಂತ ಹೇಳುತ್ತಿದ್ದ. ಮೂತಿಯ ಹತ್ತಿರ ಒಂದು ಗೇಣು ಉದ್ದದ ಸೀಳು ಇತ್ತು. ಅದಕ್ಕೆ ಡಾಂಬರು ಮೆತ್ತಿದ ಗೋಣಿ ಚೂರು ತುರುಕಿ, ಮೇಲೆ ತಗಡು ಇಟ್ಟು ಮೊಳೆ ಹೊಡೆದಿದ್ದರು. ಆದರೂ ನೀರು ಜಿನುಗುತ್ತಿತ್ತು. ಆ ಸೀಳಿಗೆ ನಾನು ಋಣಿ. ಯಾಕೆ ಅಂತ ಹೇಳುತ್ತೇನೆ.

ಏಳು ವರ್ಷದ ತನಕ ನನಗೆ ದೋಣಿ ಅಂದರೆ ಪ್ರಾಣಭಯ. ಅಮ್ಮನ ಸೆರಗಿನೊಳಗೆ ಮುಖ ಹುಗಿದು ಕೂರುತ್ತಿದ್ದೆ. ಅಣ್ಣ ಬೇಕೆಂದೇ ದೋಣಿ ಅಲ್ಲಾಡಿಸುತ್ತಿದ್ದ. ಒಂದು ದಿನ ಊರ ಮದುವೆಗೆ ಮನೆಮಂದಿಯೆಲ್ಲ ಹೊರಟಿದ್ದೆವು. ಅಪ್ಪಯ್ಯ ಹಿಂದೆ ಕೂತು ಹುಟ್ಟು ಹಾಕುತ್ತಿದ್ದ, ಅಣ್ಣ ಮುಂದೆ. ನಡುವೆ ಅಮ್ಮ, ಅಜ್ಜಿ, ನಾನು, ಬಾಳೆಗೊನೆ. ಅವತ್ತು ಜಿನುಗು ಜಾಸ್ತಿ ಇತ್ತು. ನೀರು ಅಜ್ಜಿಯ ಕಾಲಿನ ಹತ್ತಿರ ಬಂತು. ಅಪ್ಪಯ್ಯ ತಲೆಯ ಮೇಲಿನ ಹಾಳೆಟೊಪ್ಪಿ ತೆಗೆದು ನನ್ನ ಕಡೆ ಎಸೆದ. "ಕೂಸೆ, ಮೊಗೆದು ಚೆಲ್ಲು" ಅಂದ. ಅಷ್ಟೇ.

ಹಾಳೆಟೊಪ್ಪಿ ಗೊತ್ತಿಲ್ಲದವರಿಗೆ ಹೇಳಬೇಕು. ಅಡಿಕೆ ಹಾಳೆಯನ್ನು ನೆನೆಸಿ, ಮಡಚಿ ಹೊಲಿದ ಟೊಪ್ಪಿ. ತೋಟದ ಕೆಲಸಕ್ಕೆ, ತಲೆಯ ಮೇಲೆ ಹೊರೆ ಹೊರುವುದಕ್ಕೆ ಹಾಕಿಕೊಳ್ಳುತ್ತಿದ್ದರು. ಮಗುಚಿ ಹಿಡಿದರೆ ಒಳ್ಳೆಯ ಪಾತ್ರೆ. ಅಂಚು ಮೆತ್ತಗಿರುವುದರಿಂದ ದೋಣಿಯ ಉರುಟು ತಳಕ್ಕೆ ಸರಿಯಾಗಿ ಕೂರುತ್ತದೆ. ತಂಬಿಗೆಯಲ್ಲಿ ಮೊಗೆದರೆ ಅಷ್ಟು ನೀರು ಬರುವುದಿಲ್ಲ. ನಾನು ಮೊಗೆದೆ, ಚೆಲ್ಲಿದೆ. ಮೊದಲು ಗಾಳಿಗೆ ಎದುರಾಗಿ ಚೆಲ್ಲಿ ಎಲ್ಲ ನೀರೂ ಅಜ್ಜಿಯ ಮುಖಕ್ಕೇ ಬಂತು. ಬೈಸಿಕೊಂಡೆ. ಗಾಳಿ ಹೋಗುವ ಕಡೆ ಚೆಲ್ಲಬೇಕು ಅಂತ ಅಲ್ಲೇ ಕಲಿತೆ. ಟೊಪ್ಪಿಯಲ್ಲಿ ಅಪ್ಪಯ್ಯನ ತಲೆಯ ಎಣ್ಣೆ ವಾಸನೆ, ಜೊತೆಗೆ ಡಾಂಬರಿನ ವಾಸನೆ. ಮೊಗೆಯುತ್ತಾ ಮೊಗೆಯುತ್ತಾ ಆಚೆ ದಡ ಬಂದೇಬಿಟ್ಟಿತು. ಹೆದರುವುದಕ್ಕೆ ಪುರುಸೊತ್ತೇ ಸಿಗಲಿಲ್ಲ. ಇಳಿಯುವಾಗ ಅಪ್ಪಯ್ಯ ಅಜ್ಜಿಗೆ ಹೇಳಿದ: "ಇವಳಿಲ್ದಿದ್ರೆ ಇವತ್ತು ಮುಳುಗ್ತಿದ್ವಿ." ಅಷ್ಟೇನೂ ಇರಲಿಲ್ಲ ಅಂತ ಈಗ ಗೊತ್ತು. ಅವತ್ತು ನಾನು ಪೂರ್ತಿ ನಂಬಿದೆ. ಮದುವೆ ಊಟಕ್ಕೆ ಕೂತಾಗಲೂ ವಾಪಸ್ ಹೋಗುವಾಗ ನೀರು ಮೊಗೆಯುವುದು ನಾನೇ ಅಂತ ಯೋಚಿಸುತ್ತಿದ್ದೆ.

ನನಗೆ ದೋಣಿಯ ಹುಚ್ಚು ಹಿಡಿದದ್ದು ಹೀಗೆ. ಸೂರ್ಯಾಸ್ತ, ತಂಗಾಳಿ, ಬೆಳ್ಳಕ್ಕಿ ಸಾಲು ಎಲ್ಲ ಆಮೇಲಿನ ಮಾತು.

ಮೊಗೆಯುವ ಕೆಲಸದಿಂದ ಹುಟ್ಟಿಗೆ ಬಡ್ತಿ ಸಿಗಲು ಎರಡು ವರ್ಷ ಬೇಕಾಯಿತು. ಎಡಕ್ಕೆ ಹುಟ್ಟು ಹಾಕಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಇದು ಬಾಯಲ್ಲಿ ಹೇಳಿದರೆ ಯಾವ ಮಗುವಿಗೂ ಅರ್ಥವಾಗುವುದಿಲ್ಲ, ಕೈಗೆ ಅರ್ಥವಾಗಬೇಕು. ನೀರು ನೋಡಬೇಡ, ದಡದ ಒಂದು ಮರ ನೋಡು ಅಂತ ಅಪ್ಪಯ್ಯ ಹೇಳುತ್ತಿದ್ದ. ಹುಟ್ಟು ಎತ್ತುವ ಮುಂಚೆ ಕೊನೆಯಲ್ಲಿ ಸ್ವಲ್ಪ ತಿರುವಿದರೆ ಮೂತಿ ಮತ್ತೆ ನೇರಕ್ಕೆ ಬರುತ್ತದೆ. ತೆರೆ ಎದ್ದರೆ ಅಡ್ಡ ಕೊಡಬಾರದು, ಮೂತಿಯನ್ನೇ ತೆರೆಗೆ ಕೊಡಬೇಕು. ನಿಲ್ಲಬಾರದು. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಅಷ್ಟರೊಳಗೆ ದಾಟಿರಬೇಕು. ಎಲ್ಲಕ್ಕಿಂತ ದೊಡ್ಡ ಭಯ ಬೊಡ್ಡೆಗಳದ್ದು. ಮುಳುಗಿದ ಕಾಡಿನ ಮರಗಳು ಇನ್ನೂ ನೀರೊಳಗೆ ನಿಂತಿವೆ. ಮೇಲೆ ಕಾಣುವ ಒಣ ಮರದಿಂದ ಅಪಾಯ ಇಲ್ಲ. ಒಂದು ಗೇಣು ಕೆಳಗೆ ಅಡಗಿದ ಬೊಡ್ಡೆ ಇದೆಯಲ್ಲ, ಅದು. ಒಂದು ಸಲ ನಾನೇ ಹತ್ತಿಸಿದ್ದೆ. ದೋಣಿ ಬುಗುರಿಯ ಹಾಗೆ ಅಲ್ಲೇ ತಿರುಗಿತು. ಅಣ್ಣ ಹುಟ್ಟಿನಿಂದ ಬೊಡ್ಡೆಯನ್ನೇ ಒತ್ತಿ ಬಿಡಿಸಿದ. ಮನೆಯಲ್ಲಿ ಇಬ್ಬರೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ಅಪ್ಪಯ್ಯ ಇಲ್ಲ.

ಒಂದು ಬೇಸಿಗೆ ನೀರು ತುಂಬಾ ಇಳಿದಿತ್ತು. ಹಿರೇಭಾಸ್ಕರ ಅಣೆಕಟ್ಟು ಎದ್ದಿದೆಯಂತೆ ಅಂತ ಸುದ್ದಿ. ಶರಾವತಿಗೆ ಮೊದಲು ಕಟ್ಟಿದ್ದು ಅದೇ, 1948ರಲ್ಲಿ ಆದದ್ದು. ಲಿಂಗನಮಕ್ಕಿ ತುಂಬಿದ ಮೇಲೆ ಅಣೆಕಟ್ಟೇ ಮುಳುಗಿತು. ನನ್ನ ಅಜ್ಜ ಅದಕ್ಕೆ ಕಲ್ಲು ಹೊತ್ತವನು. ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಟೆವು. ಅರ್ಧ ದಾರಿ ದೋಣಿ, ಅರ್ಧ ದಾರಿ ಒಡೆದ ಕೆಸರಿನ ಮೇಲೆ ನಡಿಗೆ. ಅಷ್ಟು ವರ್ಷ ನೀರೊಳಗಿದ್ದ ಗೋಡೆ ಗಟ್ಟಿಯಾಗಿ ನಿಂತಿತ್ತು. ಅದರಲ್ಲಿ ದೊಡ್ಡ ದೊಡ್ಡ ಬಾವಿಯಂಥ ಸೈಫನ್‌ಗಳು. ಗಣೇಶ್ ಅಯ್ಯರ್ ಅನ್ನುವ ಇಂಜಿನಿಯರ್ ಕಂಡುಹಿಡಿದ ಉಪಾಯ ಅದು. ನೀರು ಒಂದು ಮಟ್ಟ ಮುಟ್ಟಿದರೆ ಸಾಕು, ಗೇಟು ಎತ್ತುವವರು ಬೇಡ, ತಾನೇ ಎಳೆದು ಆಚೆ ಹಾಕುತ್ತದೆ. ಅಪ್ಪಯ್ಯ ಅದರ ಅಂಚಿನಲ್ಲಿ ಕೂತು ಅವಲಕ್ಕಿ ತಿನ್ನುತ್ತಾ, "ನಿನ್ ಹಾಗೇ ಕೂಸೆ, ಇದೂ ನೀರು ಮೊಗೆಯದು. ಯಾರೂ ಹೇಳದು ಬ್ಯಾಡ" ಅಂದ. ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಸೈಫನ್ ಪಾಠ ಮಾಡುವಾಗ ಇಡೀ ತರಗತಿಗೆ ನಾನೊಬ್ಬಳೇ ಕೈ ಎತ್ತಿದ್ದೆ.

ಅಮ್ಮನ ತವರು ತೀರ್ಥಹಳ್ಳಿ ಕಡೆ. ಎಳ್ಳಮಾವಾಸ್ಯೆ ಜಾತ್ರೆಗೆ ಹೋದರೆ ತುಂಗೆಯಲ್ಲಿ ತೆಪ್ಪೋತ್ಸವ. ದೀಪ ಹಚ್ಚಿದ ತೆಪ್ಪದಲ್ಲಿ ರಾಮೇಶ್ವರ ದೇವರು ಬರುತ್ತಿದ್ದರೆ ದಡದ ಜನ ಕೈ ಮುಗಿಯುತ್ತಿದ್ದರು. ನಾನು ಮಾತ್ರ, ಅಲ್ಲಿ ನೀರು ಮೊಗೆಯುವವರು ಯಾರು ಅಂತ ಹುಡುಕುತ್ತಿದ್ದೆ.

ಇನ್ನು ಈಗಿನ ವಿಷಯ. ಸಾಗರದಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ, ಮೂವತ್ತು ವರ್ಷದ್ದು. ಹೋದ ದೀಪಾವಳಿ ರಜೆಯಲ್ಲಿ, "ಹೊಳೆ ಎಲ್ಲಿ" ಅಂತ ಕೇಳಿದವನಿಗೆ ಹೊಳೆ ತೋರಿಸೋಣ ಅಂತ ಒಂದು ಬೋಟಿಂಗ್ ಜಾಗಕ್ಕೆ ಕರೆದುಕೊಂಡು ಹೋದೆ. ಯಾವ ಜಾಗ ಅಂತ ಹೇಳುವುದಿಲ್ಲ, ಅಲ್ಲಿನ ಹುಡುಗರು ಪಾಪ ಒಳ್ಳೆಯವರು. ಮೊಮ್ಮಗನಿಗೆ ಲೈಫ್ ಜಾಕೆಟ್ ತೊಡಿಸಿದರು. ದೊಡ್ಡವರ ಸೈಜಿನದು. ಭುಜದ ಹತ್ತಿರ ಹಿಡಿದು ಸುಮ್ನೆ ಮೇಲಕ್ಕೆ ಎಳೆದು ನೋಡಿದೆ. ಜಾಕೆಟ್ ಕಿವಿಯ ತನಕ ಬಂತು, ಮಗು ಕೆಳಗೇ ಉಳಿಯಿತು. ನೀರಿಗೆ ಬಿದ್ದರೂ ಹಾಗೇ ಆಗುವುದು. ಜಾಕೆಟ್ ತೇಲುತ್ತದೆ, ಮಗು ಜಾರುತ್ತದೆ. ಮಕ್ಕಳ ಜಾಕೆಟ್ಟಿಗೆ ಕಾಲಿನ ನಡುವಿನಿಂದ ತಂದು ಬಿಗಿಯುವ ಪಟ್ಟಿ ಇರುತ್ತದೆ. ಅಳತೆ ನೋಡುವುದು ವಯಸ್ಸಿನ ಮೇಲಲ್ಲ, ತೂಕದ ಮೇಲೆ.

ಮತ್ತೆ ನನ್ನ ಕಣ್ಣು ಹೊಲಿಗೆಯ ಮೇಲೆ ಹೋಯಿತು, ಅಭ್ಯಾಸಬಲ. ಪಟ್ಟಿ ಜಾಕೆಟ್ಟಿಗೆ ಸೇರುವ ಕಡೆ ಒಂದು ಚೌಕ, ಅದರೊಳಗೆ ಅಡ್ಡ ಗುಣಿಸು ಗುರುತು, ಹೀಗೆ ಹೊಲಿದಿರುತ್ತಾರೆ. ಎಳೆತ ತಡೆಯುವ ಹೊಲಿಗೆ ಅದು. ಗುಣಿಸು ಗುರುತಿನ ಒಂದು ಗೆರೆ ಪೂರ್ತಿ ಹೋಗಿತ್ತು. ದಾರವನ್ನು ಉಗುರಿಂದ ಕೆದಕಿದರೆ ಪುಡಿಪುಡಿ. ಬಿಸಿಲಿಗೆ ಸತ್ತ ದಾರ. ಪರ್ಸಿನಲ್ಲಿ ಯಾವಾಗಲೂ ಸೂಜಿ ದಾರ ಇರುತ್ತದೆ. ಅಲ್ಲೇ ಕಲ್ಲಿನ ಮೇಲೆ ಕೂತು ಎರಡೆಳೆ ಮಾಡಿ ಹೊಲಿದೆ. ಹಿಂದೆ ಕ್ಯೂ ನಿಂತವರು ಗೊಣಗಿದರು. ಗೊಣಗಲಿ. ಅಷ್ಟು ಮಾಡಿದರೂ ಅದನ್ನು ಮಗುವಿಗೆ ಹಾಕಲಿಲ್ಲ, ದೊಡ್ಡದಲ್ವಾ. ನಾನು ಹಾಕಿಕೊಂಡೆ. ಅವನನ್ನು ಅವತ್ತು ಹತ್ತಿಸಲೇ ಇಲ್ಲ. ಅವನು ಅತ್ತ.

ಮಾರನೇ ದಿನ ತವರಿಗೆ ಹೋದೆವು. ಅಣ್ಣ ಈಗ ಫೈಬರ್ ದೋಣಿ ಇಟ್ಟಿದ್ದಾನೆ. ಜಿನುಗುವುದಿಲ್ಲ. ಮಗಳು ಎಲ್ಲಿಂದಲೋ ಮೊಮ್ಮಗನ ಅಳತೆಯ ಜಾಕೆಟ್ ಕೇಳಿ ತಂದಳು. ದಡದ ಗುಂಟ, ನೀರು ಸೊಂಟದಷ್ಟಿರುವ ಕಡೆ ಮಾತ್ರ ಹೋದೆವು. ಐದು ನಿಮಿಷಕ್ಕೆ ಅವನಿಗೆ ಬೇಜಾರು ಬಂತು. ಅಣ್ಣ ನನ್ನ ಮುಖ ನೋಡಿದ. ಬಗ್ಗಿ, ಹುಟ್ಟಿನಿಂದ ಬೇಕೆಂದೇ ಒಂದೆರಡು ಸಲ ನೀರು ಒಳಗೆ ಎರಚಿದ. "ಅಯ್ಯೋ ನೀರು ಬಂತಲ್ಲೋ, ಮೊಗಿಯೋ!" ಅಂದ. ಹಾಳೆಟೊಪ್ಪಿ ಎಲ್ಲಿಂದ ಬರಬೇಕು, ಪ್ಲಾಸ್ಟಿಕ್ ಮಗ್ಗು ಇತ್ತು. ಹುಡುಗ ಮೊಗೆದದ್ದೇ ಮೊಗೆದದ್ದು. ಮೊದಲ ಮಗ್ಗು ಗಾಳಿಗೆ ಎದುರಾಗಿ ಚೆಲ್ಲಿದ. ಅದು ನನ್ನ ಮುಖಕ್ಕೆ ಬಂತು.

ನಮ್ಮ ಹಿನ್ನೀರು 300 ಚದರ ಕಿಲೋಮೀಟರಿಗೂ ಜಾಸ್ತಿ. ಅದರ ದಡದಲ್ಲೇ ಹುಟ್ಟಿದ ಮಕ್ಕಳು ಈಗ ಸೇತುವೆ ಮೇಲಿಂದ ನೀರು ನೋಡಿ ಬೆಳೆಯುತ್ತಾರೆ. ಇದೇ ಹಿನ್ನೀರಿನ ಹೊನ್ನೆಮರಡುವಿನಲ್ಲಿ ಹರಿಗೋಲು, ಕಯಾಕ್ ಕಲಿಯಲು ದೂರದೂರದ ಊರಿನಿಂದ ಜನ ಬರುತ್ತಾರೆ. ನಮ್ಮ ಆಚೆ ದಡದ ತುಮರಿ, ಬ್ಯಾಕೋಡಿನ ಶಾಲೆಯ ಮಕ್ಕಳೂ ಹುಟ್ಟು ಹಿಡಿಯುವುದು ಬೇಡವೇ? ಲಾಂಚ್ ಕೆಲಸ ಮುಗಿಯಿತು ಅನ್ನುವ ಮಾತು ಊರಲ್ಲಿದೆ. ಒಂದನ್ನಾದರೂ ಉಳಿಸಿ, ವಾರಕ್ಕೊಂದು ದಿನ ಶಾಲೆಯ ಮಕ್ಕಳಿಗೆ ಕೊಡಲಿ. ಸುಮ್ನೆ ಕೂರಿಸಿ ಆಚೆ ಈಚೆ ಸುತ್ತಿಸಲು ಅಲ್ಲ. ಹಗ್ಗ ಎಸೆಯಲಿ, ಕಟ್ಟಲಿ, ಬಸ್ಸಿನ ಗಾಲಿಗೆ ಕಲ್ಲು ಕೊಡುತ್ತಿದ್ದರಲ್ಲ ಅಂಥ ಏನಾದರೂ ಕೆಲಸ ಮಾಡಲಿ. ಜೊತೆಗೆ ಜಿಲ್ಲೆಯಲ್ಲಿ ಎಲ್ಲೆಲ್ಲಿ ಬೋಟಿಂಗ್ ಇದೆಯೋ ಅಲ್ಲೆಲ್ಲ ಮಕ್ಕಳ ಅಳತೆಯ ಜಾಕೆಟ್ ಇಡಬೇಕು. ಇಲ್ಲದಿದ್ದರೆ ಮಕ್ಕಳನ್ನು ಹತ್ತಿಸಬಾರದು. ನನ್ನ ಮೊಮ್ಮಗನ ಹಾಗೆ ಅತ್ತರೂ ಸರಿ.

ಜಾಕೆಟ್ ಹೊಲಿಗೆ ಬಿಟ್ಟಿದ್ದರೆ ನನ್ನ ಅಂಗಡಿಗೆ ತರಲಿ. ಯಾವ ಬೋಟಿಂಗ್ ಜಾಗದವರಾದರೂ ಸರಿ, ದುಡ್ಡು ಬೇಡ. ದಪ್ಪ ಪಾಲಿಯೆಸ್ಟರ್ ದಾರ ನನ್ನದೇ. ಒಳಗಿನ ಫೋಮ್ ಪುಡಿಯಾದದ್ದನ್ನು ಮಾತ್ರ ತರಬೇಡಿ, ಅದು ಎಸೆಯುವಂಥದ್ದು. ಬಕಲ್ ನೀವೇ ತರಬೇಕು, ಆ ಸೈಜಿಂದು ಇಲ್ಲಿ ನನಗೆ ಸಿಕ್ಕಿಲ್ಲ.

ಇಂತಿ,
ಆಚೆ ದಡದ ಓದುಗಿ,
ಸಾಗರ